ಹದಿನಾಲ್ಕು ಮಾತ್ರೆಗಳ ಪಾಲು

ಆ ಮನೆಯಲ್ಲಿ ಏನು ಬಂದರೂ ಐದು ಪಾಲಾಗುತ್ತಿತ್ತು. ಹಣ್ಣು, ಸೋಪು, ಬೈಗುಳ, ಎಲ್ಲ. ಪಾಲು ಮಾಡುವವರು ಅತ್ತೆ. ಅವರ ತೀರ್ಪಿಗೆ ಮೇಲ್ಮನವಿ ಇರಲಿಲ್ಲ. ಬಟ್ಟೆ ಅಂಗಡಿಯ ಕೆಲಸದಲ್ಲಿ ದಿನವಿಡೀ ನೀರು ಕುಡಿಯದೆ, ಉಚ್ಚೆ ತಡೆದುಕೊಂಡು ನಿಂತು ನಿಂತು ಕಿರಿಸೊಸೆ ಮೂತ್ರದ ಸೋಂಕು ತಂದುಕೊಂಡಾಗ, ಡಾಕ್ಟರಮ್ಮ ಬರೆದುಕೊಟ್ಟ ಹದಿನಾಲ್ಕು ಮಾತ್ರೆಗಳೂ ಊಟದ ಮೇಜಿನ ಮೇಲೆ ಪಾಲಿಗೆ ಬಂದವು.

“ಮುಂದೆ ಯಾರಿಗೆ ಬರತ್ತೋ ಏನೋ,” ಎಂದು ಅತ್ತೆ ಕತ್ತರಿ ಹಿಡಿದು ಮಾತ್ರೆಯ ಪಟ್ಟಿ ಕತ್ತರಿಸಿದರು. ನಾಲ್ವರಿಗೆ ಎರಡೆರಡು. ಕಾಯಿಲೆಯವಳೆಂಬ ಕನಿಕರಕ್ಕೆ ಅವಳಿಗೆ ಆರು. ಭಾವ ತನ್ನ ಪಾಲನ್ನು ಅಲ್ಲೇ ನುಂಗಿ, ಮೈ ಹಗುರಾಯಿತು ಎಂದ. ಗಂಡನ ನಾಲಿಗೆ ಮೊದಲಿಂದಲೂ ಅಮ್ಮನ ವಶದಲ್ಲಿತ್ತು.

ಮೂರು ದಿನಕ್ಕೆ ಉರಿ ಹೋಯಿತು. ಅತ್ತೆ ಬೀಗಿದರು. ಆರನೇ ದಿನ ಗಡಗಡ ನಡುಗುವ ಜ್ವರ, ಪಕ್ಕೆಯ ಹಿಂದೆ ಗುದ್ದಿದಂಥ ನೋವು.

ಪಾಲಿನ ಕತೆ ಕೇಳಿ ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ನಿಮ್ಮ ಭಾವ ನುಂಗಿದ ಮಾತ್ರೆ ನಿಮ್ಮ ಸೋಂಕು ಹೇಗಮ್ಮಾ ವಾಸಿ ಮಾಡತ್ತೆ? ಈಗ ಕಿಡ್ನಿಗೆ ಏರಿದೆ. ಈ ಸಲ ಒಂದು ಮಾತ್ರೆ ತಪ್ಪಿದ್ರೂ ಆಸ್ಪತ್ರೆ ಹಾಸಿಗೇನೇ ಗತಿ.”

ಇಂಜೆಕ್ಷನ್ ಕೊಟ್ಟು, ಬೇರೆ ಮಾತ್ರೆ ಬರೆದರು.

ಮನೆಗೆ ಬಂದರೆ ಅತ್ತೆ ಕತ್ತರಿ ಸಮೇತ ಕೂತಿದ್ದರು. ಅವಳು ಮಾತ್ರೆಯ ಪೊಟ್ಟಣವನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. ಆ ಮನೆಗೆ ಬಂದ ನಾಲ್ಕು ವರ್ಷದಲ್ಲಿ ಯಾವುದನ್ನೂ ತನ್ನದು ಎಂದವಳಲ್ಲ.

“ಉಚ್ಚೆ ಉರಿ ನನ್ನೊಬ್ಬಳದು ಅತ್ತೆ. ಮಾತ್ರೆನೂ ನನ್ನೊಬ್ಬಳದೇ.”

ಓರಗಿತ್ತಿ ನಗು ತಡೆಯಲು ಕೆಮ್ಮಿದಳು. ಅತ್ತೆ ಮುಖ ಊದಿಸಿಕೊಂಡು ಎದ್ದು ಹೋದರು.

ಮರುದಿನ ಬೆಳಿಗ್ಗೆ ಮೆಲ್ಲಗೆ ಅವಳ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದರು.

“ಒಂದೇ ಒಂದು ಕೊಡೇ.”

“ಆಗಲ್ಲ ಅತ್ತೆ.”

“ಅವತ್ತು ಎರಡು ತಗೊಂಡಾಗ ಸ್ವಲ್ಪ ಹಾಯಾಗಿತ್ತು.” ಅತ್ತೆಯ ದನಿ ಇಳಿಯಿತು. “ನಂಗೂ ಉರಿಯತ್ತೆ ಕಣೇ. ಎಷ್ಟೋ ವರ್ಷದಿಂದ ಬಂದು ಬಂದು ಹೋಗತ್ತೆ. ಇದನ್ನ ಯಾರ ಹತ್ರ ಹೇಳ್ಕೊಳ್ಳೋದು?”

ಅವಳ ಸಿಟ್ಟೆಲ್ಲ ಜರ್ರನೆ ಇಳಿಯಿತು. ಕಂಡದ್ದನ್ನೆಲ್ಲ ಹಂಚಿದ ಹೆಂಗಸು ಇದೊಂದನ್ನು ಯಾರಿಗೂ ಹಂಚದೆ ಒಬ್ಬರೇ ನುಂಗಿಕೊಂಡಿದ್ದರು. ಅಯ್ಯೋ ಅನ್ನಿಸಿತು. ಆದರೂ ಮಾತ್ರೆ ಕೊಡಲಿಲ್ಲ.

“ಚಪ್ಪಲಿ ಹಾಕ್ಕೊಳ್ಳಿ, ನಡೀರಿ. ಡಾಕ್ಟರಮ್ಮ ಪರೀಕ್ಷೆಗೆ ಒಂದು ಡಬ್ಬಿ ಕೊಡ್ತಾರೆ. ಅದರೊಳಗೆ ನೀವೊಬ್ರೇ ಹೊಯ್ಬೇಕು ಅತ್ತೆ, ಮನೆಮಂದಿಯೆಲ್ಲ ಸೇರಿ ಅಲ್ಲ.”