ಕ್ಲಚ್ ಇಲ್ಲದ ಮೋಟಾರು

ರೋಣದ ಹತ್ತಿ ದಲಾಲ ಪ್ರಭುಲಿಂಗಪ್ಪನ ಎಡಗಾಲು ಹತ್ತಿಕಾಳು ಬಿಡಿಸುವ ಜಿನ್ನಿನ ಬೆಲ್ಟಿಗೆ ಸಿಕ್ಕಿ ಹೋಗಿ ಎಂಟು ವರ್ಷವಾಗಿತ್ತು. ಅಂದಿನಿಂದ ನರಗುಂದದ ಪೇಟೆಗೆ ಹೋಗಬೇಕೆಂದರೂ ಯಾರದೋ ಗಾಡಿಗೆ ಕಾಯಬೇಕು, ಯಾರೋ ರಟ್ಟೆ ಹಿಡಿದು ಹತ್ತಿಸಬೇಕು. ಮೋಟಾರು ಕೊಳ್ಳುವ ತಾಕತ್ತಿತ್ತು. ಕ್ಲಚ್ ತುಳಿಯುವ ಕಾಲಿರಲಿಲ್ಲ. ಡ್ರೈವರನನ್ನು ಇಟ್ಟುಕೊಂಡರೆ ಮತ್ತೆ ಅವನ ದಾರಿ ಕಾಯುವುದೇ ಆಗುತ್ತಿತ್ತು. ಹೀಗೆ ಕಾದು ಕಾದು ಆತನಿಗೆ ಸಾಕಾಗಿತ್ತು.

ಐವತ್ತೇಳರ ಬೇಸಿಗೆಯಲ್ಲಿ ಗಜೇಂದ್ರಗಡದಿಂದ ಒಂದು ಸುದ್ದಿ ಬಂತು. ಅಲ್ಲಿಯ ವಕೀಲರೊಬ್ಬರು ತೀರಿಕೊಂಡಿದ್ದರು. ಅವರು ಮುಂಬಯಿಯಿಂದ ತಂದಿದ್ದ ಅಮೆರಿಕದ ಪೆಟ್ರೋಲ್ ಕಾರು ಮಾರಾಟಕ್ಕಿತ್ತು. ಅದಕ್ಕೆ ಕ್ಲಚ್ಚೇ ಇಲ್ಲವಂತೆ, ಗೇರು ತಾನಾಗಿಯೇ ಬೀಳುತ್ತದಂತೆ. ಮರುದಿನವೇ ಪ್ರಭುಲಿಂಗಪ್ಪ ಲಾರಿ ಫಿಟ್ಟರ್ ಮದರಸಾಬನನ್ನು ಜೊತೆ ಮಾಡಿಕೊಂಡು ಬಸ್ಸು ಹತ್ತಿದ.

ಮದರಸಾಬ ಅರ್ಧ ತಾಸು ಕಾರಿನ ಮೇಲೆ ಬಗ್ಗಿ ನೋಡಿದ, ಗೇರಿನ ಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡು ಮೂಸಿದ.

"ಎಂಜಿನ್ ಚಲೋ ಐತ್ರಿ ಸಾವ್ಕಾರ್ರ. ಆದ್ರ ಗೇರಿನೆಣ್ಣಿ ಸುಟ್ಟ ವಾಸನಿ ಹೊಡಿತೈತಿ. ಆ ಗೇರಿನ ಡಬ್ಬಿ ಬಿಚ್ಚಿದ್ರ ತಿರುಗಿ ಕೂಡಸಾಕ ನನಗ ಬರಂಗಿಲ್ಲ."

"ಹುಬ್ಬಳ್ಳ್ಯಾಗ ಯಾರರ ಅದಾರೇನು?"

"ಇಲ್ರಿ. ಮುಂಬಯಿಗೇ ಒಯ್ಯಬೇಕು."

ವಕೀಲರ ಹೆಂಡತಿ ಭಾಗೀರಥಿಬಾಯಿ ಹೊಸ್ತಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಓಡಿಸಿ ನೋಡಲೆಂದು ಕೀಲಿಕೈ ಚಾಚಿದರು.

ಪ್ರಭುಲಿಂಗಪ್ಪ ಮದರಸಾಬನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಬಲಗಾಲೊಂದರಿಂದಲೇ ಓಡಿಸಿದ. ಮುಶಿಗೇರಿಯವರೆಗೆ ಎರೆಹೊಲಗಳ ನಡುವೆ ಕಾರು ಸದ್ದಿಲ್ಲದೆ ಸಾಗಿತು. ಮರಳುವಾಗ ಬಿಸಿಲೇರಿತ್ತು. ಗುಡ್ಡದ ಏರಿನಲ್ಲಿ ಎಂಜಿನ್ ಒಮ್ಮೆಲೆ ಅಬ್ಬರಿಸಿತು. ಗಾಲಿ ಮಾತ್ರ ಅಲುಗಲಿಲ್ಲ. ಇಬ್ಬರೂ ಕಾದ ಬಂಡೆಯ ಮಗ್ಗುಲಲ್ಲಿ ಕುಳಿತರು. ಮುಕ್ಕಾಲು ತಾಸಿಗೆ ತಣ್ಣಗಾದ ಮೇಲೆ ಕಾರು ಏನೂ ಆಗದಂತೆ ಹೊರಟಿತು.

"ಎಲ್ಲೆ ನಿಂತ್ತು?" ಎಂದು ಭಾಗೀರಥಿಬಾಯಿ ಬಾಗಿಲಲ್ಲೇ ಕೇಳಿದರು.

"ನಿಮಗ ಗೊತ್ತಿತ್ತೇನ್ರಿ ಬಾಯಾರ?"

"ಗೊತ್ತಿತ್ತು. ಅವರನ್ನ ಹುಬ್ಬಳ್ಳಿ ದವಾಖಾನಿಗೆ ಒಯ್ಯೋವಾಗ ಹಾದ್ಯಾಗ ಎರಡು ಸಲ ನಿಂತ್ತು. ಎರಡನೇ ಸಲ ಅದು ತಣ್ಣಗಾಗೋದ್ರಾಗ ಅವರ ಜೀವಾ ಹೋಗಿತ್ತು. ಲಗೂ ಬಂದಿದ್ರೂ ಉಳೀತಿದ್ದಿಲ್ಲ ಅಂದ್ರು ಡಾಕ್ಟರು. ಖರೇನೋ ಏನೋ." ಅವರು ಸೆರಗು ಸರಿಪಡಿಸಿಕೊಂಡರು. "ಇದನ್ನ ಕೇಳಿ ಇಬ್ಬರು ತಿರುಗಿ ಹೋಗ್ಯಾರ. ನೀವೂ ಹೋಗ್ರಿ, ನನಗೇನೂ ಅನಸೂದಿಲ್ಲ. ಹೇಳದ ಮಾರೂದು ಮಾತ್ರ ನನ್ನ ಕೈಲೆ ಆಗೂದಿಲ್ಲ."

ಪ್ರಭುಲಿಂಗಪ್ಪ ಕಟ್ಟೆಯ ಮೇಲೆ ಕುಳಿತ. ಬೇಡವೆಂದು ಮದರಸಾಬ ಕಣ್ಣಲ್ಲೇ ಹೇಳುತ್ತಿದ್ದ. ಫಿಟ್ಟರನ ಅಂದಾಜು ತಪ್ಪಲ್ಲವೆಂದು ಆತನಿಗೂ ಗೊತ್ತಿತ್ತು. ಆದರೆ ಎಂಟು ವರ್ಷದಲ್ಲಿ ಮೊದಲ ಸಲ, ಯಾರನ್ನೂ ಕೇಳದೆ ಹತ್ತು ಮೈಲು ಹೋಗಿ ಬಂದಿದ್ದ.

"ತಂಪೊತ್ತಿನ್ಯಾಗ ಅಷ್ಟ ಓಡಿಸ್ತೀನ್ರಿ," ಎಂದ. "ನಿಂತ್ರ ಕುಂದರ್ತೀನಿ."

"ಒಂದು ಮಾತು ಕೊಡ್ರಿ. ಬ್ಯಾನಿ ಬಿದ್ದವರನ್ನ ಇದರಾಗ ಕೂಡಿಸಬ್ಯಾಡ್ರಿ."

"ಕೂಡ್ಸಂಗಿಲ್ರಿ ಬಾಯಾರ."

ಕಾರು ಎರಡು ವರ್ಷ ಓಡಿತು. ನಸುಕಿನಲ್ಲಿ ಹೊರಟು ಬಿಸಿಲೇರುವ ಮುನ್ನ ಊರು ಸೇರುವುದು ಪ್ರಭುಲಿಂಗಪ್ಪನಿಗೆ ರೂಢಿಯಾಯಿತು. ಕೊನೆಗೊಂದು ಮುಂಜಾನೆ ಜಕ್ಕಲಿಯ ಹತ್ತಿರ ನಿಂತದ್ದು, ತಣ್ಣಗಾದರೂ ಅಲುಗಲಿಲ್ಲ. ರೈತನೊಬ್ಬ ಎತ್ತು ಹೂಡಿ ಎಳೆದುಕೊಂಡು ಹೊರಟ. ಪ್ರಭುಲಿಂಗಪ್ಪ ಒಳಗೆ ಕುಳಿತು ರೋಣದವರೆಗೂ ಸ್ಟೀರಿಂಗ್ ಹಿಡಿದುಕೊಂಡೇ ಬಂದ.