ಬಿಸಿ ನೆಲದ ಮೇಲಿಟ್ಟ ಬೂಟು

ದಾನುತಾಳ ಬೂಟು ಹಾಳಾದದ್ದು ನನ್ನ ಅತ್ತೆಯ ಒಳ್ಳೆಯತನದಿಂದ.

ಚಿರಿಸಾನ್ ಬೆಟ್ಟದ ಬುಡದಲ್ಲಿ ನಮ್ಮ ಮನೆ. ಬೆಟ್ಟ ಹತ್ತಲು ಬರುವವರಿಗೆ ಒಂದು ಕೋಣೆ ಬಾಡಿಗೆಗೆ ಕೊಡುತ್ತೇವೆ. ಪೋಲೆಂಡ್ ದೇಶದ ಈ ದಾನುತಾ ಹಿಂದಿನ ಸಂಜೆ ಮಳೆಯಲ್ಲಿ ತೊಯ್ದು ಬಾಗಿಲಲ್ಲಿ ನಿಂತಿದ್ದಳು. ಐವತ್ತೈದರ ಆಸುಪಾಸು, ನನಗಿಂತ ಒಂದು ತಲೆ ಎತ್ತರ. ಅತ್ತೆ ಅವಳ ಬೂಟುಗಳನ್ನು ಒರೆಸಿ, ತಮ್ಮ ಕೋಣೆಯಲ್ಲಿ ಒಲೆಗೆ ಅಂಟಿಕೊಂಡ ಜಾಗದಲ್ಲಿಟ್ಟು, ಮೇಲೊಂದು ಹೊದಿಕೆಯನ್ನೂ ಹೊದಿಸಿದ್ದರು. ನೆಲದಡಿ ಬೆಂಕಿಯ ಬಿಸಿ ಹರಿಯುವ ಮನೆಯಲ್ಲಿ ಅದೇ ಮರ್ಯಾದೆಯ ಜಾಗ. ಬಾಣಂತಿ ಮಲಗುವುದು ಅಲ್ಲಿ, ದೂರದ ನೆಂಟರು ಕೂರುವುದೂ ಅಲ್ಲೇ. ಬೆಳಗ್ಗೆ ಹೊದಿಕೆ ತೆಗೆದರೆ ಅಂಟು ಕರಗಿ ಎರಡೂ ತಳ ಬಾಯಿ ಬಿಟ್ಟುಕೊಂಡಿದ್ದವು.

"ಅಯ್ಯೋ, ಬೇಯಿಸಿಬಿಟ್ಟೆನಲ್ಲೇ!" ಎಂದು ಅತ್ತೆ ನೆಲಕ್ಕೆ ಕುಸಿದು ಕೂತರು.

ದಾನುತಾ ಬೂಟನ್ನು ತಿರುಗಿಸಿ ನೋಡಿದಳು. ಬೈಯಲಿಲ್ಲ. ಫೋನಿಗೆ ಏನೋ ಹೇಳಿದಳು, ಫೋನು ನಮ್ಮ ಮಾತಿನಲ್ಲಿ ನುಡಿಯಿತು: "ಪರವಾಗಿಲ್ಲ. ಆದರೆ ಇವತ್ತು ನಾನು ಹೊರಡಲೇಬೇಕು."

ಅದು ನಮಗೂ ಗೊತ್ತಿತ್ತು. ಕಾಡ್ಗಿಚ್ಚಿನ ಭಯಕ್ಕೆ ನಾಡಿದ್ದಿನಿಂದ ಒಂದು ತಿಂಗಳು ಮೇಲಿನ ದಾರಿ ಬಂದ್. ಇವತ್ತು ಹನ್ನೊಂದರೊಳಗೆ ಕೆಳಗಿನ ಗೇಟು ದಾಟಿದರೆ ಸಂಜೆಗೆ ಮೇಲಿನ ತಂಗುದಾಣ, ನಾಳೆ ಶಿಖರ, ಅಲ್ಲಿಂದ ಆಚೆ ಬದಿಗೆ ಇಳಿತ. ಭಾನುವಾರ ಅವಳ ವಿಮಾನ. ಒಂಬತ್ತು ವರ್ಷ ಆಸ್ಪತ್ರೆಯ ರಜೆ ಕೂಡಿಟ್ಟು ಈ ಬೆಟ್ಟಕ್ಕೆಂದೇ ಬಂದ ನರ್ಸ್ ಅವಳು. ಮತ್ತೆ ಬರುವ ಮಾತು ದೂರ.

ನಮ್ಮ ಮನೆಯಲ್ಲಂತೂ ಅವತ್ತೇ ಚಳಿಗಾಲದ ಕಿಮ್ಚಿ ಉಪ್ಪಿನಕಾಯಿ ಹಾಕುವ ದಿನ. ಉಪ್ಪಿನಲ್ಲಿ ನೆನೆದ ನೂರು ಕೋಸು ಅಂಗಳದಲ್ಲಿ ಕಾಯುತ್ತಿದ್ದವು. ನಾನು ಮೆಣಸಿನಪುಡಿ ಮೆತ್ತಿದ ಕೈಯಲ್ಲೇ ಊರಿನ ಮುಖ್ಯಸ್ಥ ಪ್ಯೋ ಅವರಿಗೆ ಫೋನು ಮಾಡಿದೆ. ಐದೇ ನಿಮಿಷಕ್ಕೆ ಕಂಬದ ಮೇಲಿನ ಧ್ವನಿವರ್ಧಕ ಕೆಮ್ಮಿತು.

"ಆ, ಆ. ಕೇಳಿಸ್ತಾ ಇದ್ಯಾ? ಗಿಹೋ ಅವರ ಮನೆಗೆ ಬಂದಿರೋ ಪರದೇಶದ ಅಕ್ಕನ ಬೂಟನ್ನ ಗಿಹೋ ಅವರಮ್ಮ ಬೇಯಿಸಿಬಿಟ್ಟಿದ್ದಾರೆ. ಇನ್ನೂರೆಪ್ಪತ್ತು ಮಿಲಿಮೀಟರ್ ಅಳತೆ ಬೂಟು ಇರೋರು ತಕ್ಷಣ ತಗೊಂಡು ಬನ್ನಿ. ಇನ್ನೊಂದ್ಸಲ ಹೇಳ್ತೀನಿ, ಇನ್ನೂರೆಪ್ಪತ್ತು. ಹೌದು, ಹೆಂಗಸೇ."

ಗಿಹೋ ನನ್ನ ಗಂಡ. ಅವನ ಅಮ್ಮನ ಮುಖ ಕಿಮ್ಚಿಯ ಮಸಾಲೆಗಿಂತ ಕೆಂಪಾಯಿತು. ತನ್ನ ಪಾದದ ಅಳತೆ ಇಡೀ ಕಣಿವೆಗೆ ಕೇಳಿಸಿತೆಂದು ಫೋನಿನಿಂದ ತಿಳಿದ ದಾನುತಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಬೂಟುಗಳು ಬಂದವು. ಗದ್ದೆಗಿಳಿಯುವ ರಬ್ಬರ್ ಬೂಟು, ಚರ್ಚಿಗೆ ಹೋಗುವ ಕರಿ ಬೂಟು, ಮೂವತ್ತು ವರ್ಷದ ಹಿಂದಿನ ಸೈನ್ಯದ ಬೂಟು. ಒಂದು ಜಾರುತ್ತಿತ್ತು, ಒಂದು ಕಚ್ಚುತ್ತಿತ್ತು, ಸೈನ್ಯದ್ದು ಕಾಲಿಟ್ಟೊಡನೆ ಪುಡಿಯಾಯಿತು. ಗಂಟೆ ಒಂಬತ್ತೂವರೆ.

"ಯೊನ್‌ಸಿಲಪ್ಪನ ಹತ್ರ ಇದೆಯಲ್ಲ ಅತ್ತೆ," ಎಂದೆ.

ಯೊನ್‌ಸಿಲಪ್ಪ ಗೋಡೆಯಾಚೆಯ ಮುದುಕ; ಮಗಳ ಹೆಸರಿನಿಂದಲೇ ಊರು ಅವನನ್ನು ಕರೆಯುವುದು. ಎಪ್ಪತ್ತು ತುಂಬಿದಾಗ ಮಗಳು ಯೊನ್‌ಸಿಲ್ ಬುಸಾನ್ ನಗರದಿಂದ ಬೆಟ್ಟದ ಬೂಟು ಕಳಿಸಿದ್ದಳು. ಒಂದು ದಿನ ಊರಿಗೆಲ್ಲ ತೋರಿಸಿಕೊಂಡು ಓಡಾಡಿ, ಆಮೇಲೆ ಕಪಾಟಿನ ಮೇಲೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದ. ಹೋದ ವರ್ಷ ಅತ್ತೆ ಅವನನ್ನು ಕೇಳದೆ, ಗೋಡೆ ದಾಟಿ ಬಂದ ಅವನ ಹಣ್ಣಿನ ಮರದ ಕೊಂಬೆ ಕಡಿಸಿದ್ದರು. ಅವತ್ತಿನಿಂದ ಮಾತಿಲ್ಲ. ಹೋದ ಸಲ ಕಿಮ್ಚಿ ಹಾಕಿದ ದಿನ ಆ ಮನೆಗೊಂದು ಎಲೆಯೂ ಹೋಗಿರಲಿಲ್ಲ. ನಮ್ಮಲ್ಲಿ ಕೊಂಬೆ ಕಡಿದದ್ದಕ್ಕಿಂತ ದೊಡ್ಡ ಅವಮಾನ ಅದು.

ದಾನುತಾ ತಳ ಕಳಚಿದ ಬೂಟಿಗೆ ಹಗ್ಗ ಸುತ್ತತೊಡಗಿದಳು. ಅತ್ತೆ ಅದನ್ನು ನೋಡುತ್ತ ನಿಂತರು. ಆಮೇಲೆ ಕೋಸಿನ ಎಳೆಯ ಒಳ ಎಲೆಯೊಂದನ್ನು ಕಿತ್ತು, ಮಸಾಲೆ ಸವರಿ, ಬೆಂದ ಹಂದಿಮಾಂಸದ ತುಂಡನ್ನಿಟ್ಟು ಸುತ್ತಿದರು. ಸೋರದಂತೆ ಇನ್ನೊಂದು ಕೈಯನ್ನು ಕೆಳಗೆ ಒಡ್ಡಿ ಗೇಟಿನಾಚೆ ನಡೆದರು. ನಾನೂ ಹಿಂದೆ ಹೋದೆ.

ಯೊನ್‌ಸಿಲಪ್ಪ ಜಗಲಿಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ. ತಲೆ ಎತ್ತಲಿಲ್ಲ.

"ಬಾಯಿ ತೆಗಿ," ಎಂದರು ಅತ್ತೆ.

"ಯಾಕೆ? ನನ್ನನ್ನೂ ಬೇಯಿಸ್ತೀಯಾ?"

"ಬಾಯಿ ತೆಗಿ ಅಂದ್ನಲ್ಲ. ಸೋರ್ತಾ ಇದೆ, ತೋಳೆಲ್ಲ ಮಸಾಲೆ."

ಕಿಮ್ಚಿಯ ದಿನ ಕೈಯಿಂದ ತಿನ್ನಿಸುವ ತುತ್ತಿಗೆ ಬಾಯಿ ಮುಚ್ಚಿದವರನ್ನು ನಾನು ಕಂಡಿಲ್ಲ. ಅವನೂ ತೆರೆದ. ತುತ್ತು ದೊಡ್ಡದಿತ್ತು, ಎರಡೂ ಕೆನ್ನೆ ಉಬ್ಬಿದವು. ಅವನು ಅಗಿಯುತ್ತಿದ್ದಷ್ಟು ಹೊತ್ತು ಅತ್ತೆಯದೇ ಮಾತು.

"ಹೋದ ವರ್ಷ ನಾನು ಕಳಿಸ್ಬೇಕಿತ್ತು, ಕಳಿಸ್ಲಿಲ್ಲ. ಕೊಂಬೆನೂ ಕೇಳದೆ ಕಡಿಸಿದೆ. ಎರಡೂ ನನ್ನ ತಪ್ಪು. ಆ ಹೆಣ್ಣುಮಗಳು ಹಗ್ಗ ಕಟ್ಕೊಂಡು ಬೆಟ್ಟ ಹತ್ತೋಕೆ ಹೊರಟಿದ್ದಾಳೆ. ಬಿದ್ರೆ ಆ ಪಾಪ ನಂದು. ನಿನ್ನ ಬೂಟು ಕೊಡು."

ಅವನು ನುಂಗಿದ. ತುಟಿ ಒರೆಸಿಕೊಂಡ.

"ಉಪ್ಪು ಕಮ್ಮಿ," ಎಂದು ಎದ್ದು ಒಳಗೆ ಹೋದ.

ಬೂಟು ಹಿಡಿದುಕೊಂಡು ತಾನೇ ನಮ್ಮ ಅಂಗಳಕ್ಕೆ ಬಂದ. ದಾನುತಾ ದಪ್ಪ ಕಾಲುಚೀಲದ ಮೇಲೆ ಹಾಕಿಕೊಂಡು ಕೋಸಿನ ಬುಟ್ಟಿಗಳ ಸುತ್ತ ಮೂರು ಸುತ್ತು ನಡೆದಳು. ಹೆಬ್ಬೆರಳೆತ್ತಿ ತೋರಿಸಿದಳು. ಮುಂದಿನ ಕ್ಷಣವೇ ಅವಳ ಮುಖ ಬಾಡಿತು. ಫೋನು ಕೇಳಿತು: "ನಾನು ಆಚೆ ಬದಿಗೆ ಇಳಿದು ಅಲ್ಲಿಂದಲೇ ಸಿಯೋಲ್ ನಗರಕ್ಕೆ ಹೋಗುತ್ತೇನೆ. ವಾಪಸ್ ಹೇಗೆ ಕೊಡಲಿ?"

"ಇಳಿದ ಕಡೆ ಬಸ್ಸಿನ ಡ್ರೈವರ್ ಕೈಗೆ ಕೊಡಿ," ಎಂದು ನಾನು ಊರಿನ ಹೆಸರು ಬರೆದ ರಟ್ಟನ್ನು ಬೂಟಿನ ದಾರಕ್ಕೆ ಕಟ್ಟಿದೆ. "ಚೀಲದಲ್ಲಿ ಚಪ್ಪಲಿ ಇದೆಯಲ್ಲ, ನಿಮಗೆ ಅದು ಸಾಕು."

"ಗೊತ್ತಿಲ್ಲದವರ ಕೈಗೆ, ಇವರ ಹೊಸ ಬೂಟನ್ನೇ?"

ಅತ್ತೆ ಫೋನಿಗೆ ಬಾಯಿ ಹಚ್ಚಿ ಕೂಗಿದರು: "ನೀನೇನು ನಮಗೆ ಗೊತ್ತಿರೋಳಾ? ಕೊಡ್ತಿಲ್ವಾ ನಿನಗೆ? ಹೋಗು, ಗಂಟೆ ಆಗ್ತಾ ಬಂತು."

ಹತ್ತೂ ಐವತ್ತಕ್ಕೆ ಅವಳು ಬೆಟ್ಟದ ಗೇಟು ದಾಟಿದಳೆಂದು, ಕರೆದೊಯ್ದು ಬಿಟ್ಟು ಬಂದ ಪ್ಯೋ ಧ್ವನಿವರ್ಧಕದಲ್ಲಿ ಸಾರಿದರು. ಅಲ್ಲಿಯವರೆಗೆ ಯೊನ್‌ಸಿಲಪ್ಪ ನಮ್ಮ ಅಂಗಳದಲ್ಲೇ ಕೂತು, ಕೇಳದೆಯೇ, ಮಸಾಲೆಗೆ ಉಪ್ಪು ಹಾಕುತ್ತಿದ್ದ.

ನಾಲ್ಕನೆಯ ದಿನ ಬಸ್ಸು ನಮ್ಮ ಗೇಟಿನ ಮುಂದೆ ಹಾರ್ನ್ ಹೊಡೆಯಿತು. ಮೂರು ಬಸ್ಸು ಬದಲಿಸಿ ಬಂದಿದ್ದವು ಬೂಟುಗಳು. ಒಂದರೊಳಗೆ ದಾನುತಾಳ ದೇಶದ ಚಾಕೊಲೇಟ್, ಇಳಿದ ಊರಿನಲ್ಲಿ ಮುದ್ರಿಸಿದ, ಶಿಖರದಲ್ಲಿ ನಿಂತ ಅವಳ ಫೋಟೋ. ಇನ್ನೊಂದರೊಳಗೆ ನಾಲ್ಕು ಕಿತ್ತಳೆ, ಅವನ್ನಿಟ್ಟದ್ದು ಯಾವ ಡ್ರೈವರೋ ತಿಳಿಯದು.

ಯೊನ್‌ಸಿಲಪ್ಪ ಹಾಕಿಕೊಂಡ. ಎರಡು ಹೆಜ್ಜೆ ನಡೆದ, ನಿಂತ, ಮತ್ತೆ ನಡೆದ.

"ಕಚ್ತಾ ಇಲ್ಲ ಕಣೇ ಗಿಹೋ ಅಮ್ಮ! ಹೊಸದರಲ್ಲಿ ಕಚ್ತಿತ್ತು ಅಂತಲೇ ಮೇಲಿಟ್ಟಿದ್ದೆ. ಮಗಳಿಗೆ ಹೇಳೋದು ಹೇಗೆ? ನಿಮ್ಮ ನೆಂಟಳು ಪಳಗಿಸಿಕೊಟ್ಟಿದ್ದಾಳೆ."

ಅವತ್ತಿನಿಂದ ದಿನವೂ ಆ ಬೂಟಿನಲ್ಲೇ ನಮ್ಮ ಮನೆಗೆ ಬರುತ್ತಾನೆ. ನಿನ್ನೆ ತುಂತುರು ಮಳೆಯಿತ್ತು. ಅವನು ಒಳಗೆ ಚಹಾ ಕುಡಿಯುತ್ತಿದ್ದಾಗ ಅತ್ತೆ ಮೆಟ್ಟಿಲ ಮೇಲಿದ್ದ ಬೂಟುಗಳನ್ನು ಮುಟ್ಟಿ ನೋಡಿ, "ಪಾಪ, ಒದ್ದೆಯಾಗಿದೆ," ಎನ್ನುತ್ತ ಎತ್ತಿಕೊಂಡು ತಮ್ಮ ಕೋಣೆಯ ಕಡೆ ಹೊರಟರು.

ನಾನು ಪಾತ್ರೆ ಅಲ್ಲೇ ಬಿಟ್ಟು ಓಡಿ ಬಾಗಿಲಿಗೆ ಅಡ್ಡ ನಿಂತೆ.