ಹೊಗೆಯಿಲ್ಲದ ಒಲೆಯ ಹೊಗೆ

ಮಾಳಿಗೆಯ ಮೇಲೆ ಬೋರಲು ಮಲಗಿ ರಾಮಲಿಂಗಪ್ಪ ಹೊಗೆಗೂಡಿನೊಳಗೆ ಉದ್ದನೆಯ ಬಿದಿರು ಇಳಿಬಿಟ್ಟಿದ್ದ. ಕೆಳಗೆ ಅಡಿಗೆಮನೆಯಲ್ಲಿ ಅವನ ಹೆಂಡತಿ ಶೇವಂತಿ ಒಲೆಯ ಬಾಯಿಗೆ ಮುಖವಿಟ್ಟು ಕೂತಿದ್ದಳು.

"ಏ, ಬಂತೇನ?"

"ಬಂತ್ರಿ. ಬೂದ್ಯಾಗ ಚುಚ್ಚಾಕತ್ತೈತಿ."

"ನಡುವ ಏನರ ಬಿತ್ತೇನ? ಅರಿವಿ, ಹುಲ್ಲು?"

"ಏನೂ ಇಲ್ರಿ. ಇಳೀರಿನ್ನ, ರೊಟ್ಟಿ ಬಡೀಬೇಕು."

ಏನೂ ಇಲ್ಲ ಎನ್ನುವುದೇ ರಾಮಲಿಂಗಪ್ಪನಿಗೆ ದೊಡ್ಡ ಅನುಮಾನ. ಏನಾದರೂ ಸಿಕ್ಕಿದ್ದರೆ ತುರುಕಿದವನು ದಡ್ಡ ಎಂದುಕೊಳ್ಳಬಹುದಿತ್ತು. ಸಿಗಲಿಲ್ಲ, ಅಂದಮೇಲೆ ಜಾಣ. ಮೊಳದೆತ್ತರದ ಗೋಡೆಯಾಚೆ ಆ ಜಾಣನ ಮಾಳಿಗೆ ಬಿಸಿಲಿಗೆ ಮೈಚಾಚಿ ಬಿದ್ದಿತ್ತು.

ಒಲೆ ಹೊಸದು. ಆಗಿನ ಮುಂಬಯಿ ಸರ್ಕಾರದವರು ಬನಹಟ್ಟಿಗೆ ತಂದಿದ್ದ ಚಿತ್ರ ನೋಡಿ ಗೌಂಡಿ ಯಮನಪ್ಪ ದೀಪಾವಳಿಗೆ ಕಟ್ಟಿಕೊಟ್ಟಿದ್ದ. ಹೆಸರೇ 'ಹೊಗೆಯಿಲ್ಲದ ಒಲೆ'. ಚಳಿಗಾಲವಿಡೀ ಹೊಗೆ ಹೇಳಿದ ಮಾತು ಕೇಳಿ ಮೇಲೆ ಹೋಯಿತು. ಈ ಎಂಟು ದಿನದಿಂದ ಮಾತ್ರ, ಏನನ್ನೋ ಮರೆತು ಬಂದವರಂತೆ, ಅರ್ಧ ದಾರಿಯಿಂದ ತಿರುಗಿ ಮನೆಗೇ ಬರುತ್ತಿತ್ತು. ಸರಿಯಾಗಿ ಎಂಟೇ ದಿನ. ಮಗ್ಗಕ್ಕೆ ರೇಷ್ಮೆ ಏರಿಸಿದ್ದೂ ಅಂದೇ.

ಇಪ್ಪತ್ತು ವರ್ಷ ದಪ್ಪ ನೂಲಿನ ಸೀರೆ ನೇಯ್ದ ಕೈಗೆ ಮೊದಲ ಸಲ ಬಂದ ರೇಷ್ಮೆ, ಅದೂ ಅಚ್ಚ ಬಿಳಿ. ರಬಕವಿಯ ಸಾವಕಾರರು ಎದುರು ಕೂಡಿಸಿಕೊಂಡು ಹೇಳಿದ್ದರು: "ಒಂದ್ ಕಲಿ ಬಿದ್ರೂ ಹಾಸು ಬಿಚ್ಚಿಸಿ ಒಯ್ತೀನಿ. ಮತ್ತ ನನ್ನ ಕಟ್ಟಿ ಹತ್ತಬ್ಯಾಡ." ನಿನ್ನೆಯೇ ಎಳ್ಳಿನಷ್ಟು ಮಸಿ ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆಗಳ ಆ ಹಾಸಿನ ಮೇಲೆ ಇಳಿದಿತ್ತು. ಶೇವಂತಿ ಹಸುಗೂಸಿನ ಕಣ್ಣಿನ ಕಸ ಊದುವಂತೆ ಊದಿ ಹಾರಿಸಿದ್ದಳು. ಇವತ್ತಿನದು ಹಾರುತ್ತದೆಂದು ಯಾರು ಹೇಳಬೇಕು?

ಆ ರೇಷ್ಮೆ ಪಕ್ಕದ ಮನೆಯ ವಿಠೋಬನಿಗೆ ಹೋಗಬೇಕಾಗಿತ್ತು. ಹೋಗದಿದ್ದುದಕ್ಕೆ ಕಾರಣ ರಾಮಲಿಂಗಪ್ಪನ ನಕಲು. ಪೋಸ್ಟ್ ಮಾಸ್ತರರ ಸೀನು, ಜಮಖಂಡಿ ಬಸ್ಸಿನ ಕಂಡಕ್ಟರನ ಮರಾಠಿ, ಎಲ್ಲ ಮಾಡಿ ತೋರಿಸುವವನು ಅವನು. ಆ ದಿನ ಸಾವಕಾರರ ಕಟ್ಟೆಯ ಮೇಲೆ ವಿಠೋಬನ ಮುದಿಗೈ ಲಾಳಿ ಒಗೆಯುವುದನ್ನು ಮಾಡಿದ. ಲಾಳಿ ನಡುಗಿತು, ಹಾರಿತು, ಸಾವಕಾರರ ಮಡಿಲಿಗೇ ಬಿತ್ತು. ಸಾವಕಾರರು ಬಾಯಲ್ಲಿನ ಎಲೆಯಡಿಕೆ ಚೆಲ್ಲುವಂತೆ ನಕ್ಕರು, ಮರುದಿನ ಇವನನ್ನೇ ಕರೆಸಿ ರೇಷ್ಮೆ ಕೊಟ್ಟರು. ಖರೆ ಹೇಳಬೇಕೆಂದರೆ ಆ ಕೈ ಅಷ್ಟೇನೂ ನಡುಗುತ್ತಿರಲಿಲ್ಲ. ನಕಲಿಗೆ ಸ್ವಲ್ಪ ಉಪ್ಪು ಬೇಕಾಗುತ್ತದೆ.

ರೇಷ್ಮೆ ಏರಿಸಿದ ದಿನವೇ ಅವನು ಕಿಟಕಿಗಳಿಗೆಲ್ಲ ಒದ್ದೆ ಬಟ್ಟೆ ಬಿಗಿದ. ಅದು ಎಲ್ಲ ನೇಕಾರರೂ ಮಾಡುವುದೇ. ಫಾಲ್ಗುಣದ ಒಣಗಾಳಿಗೆ ಎಳೆಗಳು ಪಟಪಟನೆ ಹರಿಯುತ್ತವೆ. ಆದರೆ ಅವನು ಅಡಿಗೆಮನೆಯ ಹಿಂಬಾಗಿಲಿಗೂ ಅಗಳಿ ಹಾಕಿ, ಸಂದುಗಳಿಗೆ ಗೋಣಿ ತುರುಕಿದ. ಆ ಬಾಗಿಲಿನಾಚೆ ಎರಡೂ ಮನೆಗೆ ಸೇರಿದ ಹಿತ್ತಲು. ವಿಠೋಬನ ಕಣ್ಣು ಅಲ್ಲಿಂದಲೇ ಬೀಳುವುದು. ಮೂರು ದಿನದ ಹಿಂದೆ ಹೆಜ್ಜೆ ಮೂಡಲೆಂದು ಮಾಳಿಗೆಗೆ ಬೂದಿಯನ್ನೂ ಚೆಲ್ಲಿದ್ದ. ಮೂಡಿದ್ದವು: ಒಂದು ಬೆಕ್ಕಿನವು, ಉಳಿದವು ಅವನವೇ.

"ಏನ್ ಹುಡುಕಾಕತ್ತೀಯೋ ರಾಮಲಿಂಗ?" ಹಿತ್ತಲಿಗೆ ಬಂದ ವಿಠೋಬ ತಲೆಯೆತ್ತಿ ಕೇಳಿದ.

"ನಮ್ಮ ಹೊಗಿ ಯಾರೋ ಕಟ್ಯಾರ, ಕಾಕಾ."

"ಕಟ್ಟಾಕ ಅದೇನ ಹೋರಿ ಏನೋ?"

"ಕಟ್ಟಿದವ್ರಿಗೆ ಗೊತ್ತಿರತೈತಿ."

ವಿಠೋಬ ಮೇಲಿನ ಹೊಗೆಗೂಡು ನೋಡಿದ, ಗೋಣಿ ತುರುಕಿದ ಹಿಂಬಾಗಿಲು ನೋಡಿದ. ಆಮೇಲೆ ಓಣಿ ಸುತ್ತಿ ಮುಂಬಾಗಿಲಿಗೆ ಬಂದ. ರಾಮಲಿಂಗಪ್ಪ ದಡದಡ ಇಳಿದು ಮಗ್ಗಕ್ಕೆ ಬೆನ್ನು ಕೊಟ್ಟು, ಧೋತರ ಅಗಲಿಸಿ ನಿಂತ. ವಿಠೋಬ ಆ ಕಡೆ ನೋಡಲೇ ಇಲ್ಲ. ನೆಟ್ಟಗೆ ಅಡಿಗೆಮನೆಗೆ ಹೋಗಿ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ.

"ಹಚ್ಚವಾ ಶೇವಂತಿ."

ಹಚ್ಚಿದಳು. ಹೊಗೆ ಗೂಡಿನೊಳಗೆ ಇಣುಕಿ, ತಿರುಗಿ ಎಲ್ಲರ ಮುಖಕ್ಕೇ ಬಂತು.

"ರಾಮಲಿಂಗ, ನೀ ಛಲೋ ನಕಲ ಮಾಡ್ತಿ ಅಂತ ಕೇಳೇನಿ."

ಹಿಂದೆಯೇ ಬಂದು ನಿಂತಿದ್ದ ರಾಮಲಿಂಗಪ್ಪ ಅಗಲಿಸಿದ್ದ ಧೋತರ ಮಡಚಿಕೊಂಡ. "ಯಾರ್... ಯಾರ್ ಹೇಳಿದ್ರು?"

"ಈ ಒಲೀದೊಂದು ಮಾಡು. ಉಸರು ಒಳಗ ತಗೋಬ್ಯಾಡ, ಬರೇ ಹೊರಗ ಬಿಡಕೋತ ಹೋಗು."

ನಕಲು ಮಾಡೆಂದರೆ ಒಲ್ಲೆ ಎನ್ನುವ ಶಕ್ತಿ ಆ ಮನುಷ್ಯನಿಗೆ ಹುಟ್ಟಿನಿಂದಲೇ ಇರಲಿಲ್ಲ. ಊದಿದ, ಊದಿದ, ಮುಖ ಕೆಂಪಾಯಿತು, ಕಡೆಗೆ ಹಾ ಎಂದು ಬಾಯಿ ತೆರೆದ. ಶೇವಂತಿ ಸೆರಗು ಕಚ್ಚಿಕೊಂಡಳು.

"ಆತಿಲ್ಲೋ? ಒಳಗ ಗಾಳಿ ಬರದ ಹೊಗಿ ಹೊರಗ ಹೆಂಗ ಹೋಗತೈತಿ? ರೇಶಿಮಿಗೆ ಕಿಟಕಿ ಮುಚ್ಚೂದು ಖರೆ. ಒಲೀ ಕುತಗಿ ಯಾಕ ಹಿಚಕಿದಿ? ನಡುವಿನ ಬಾಗಲಕ ಹಸಿ ಗೋಣಿ ಪಡದಿ ಕಟ್ಟು. ಹಿತ್ತಲ ಬಾಗಲಾ ತಗಿ."

"ಹಿತ್ತಲದ್ದಾ?"

"ಅದಽ. ಯಾಕ, ಏನಾತು?"

ಶೇವಂತಿಯೇ ಎದ್ದು ಸಂದುಗಳ ಗೋಣಿಯನ್ನು ಒಂದೊಂದಾಗಿ ಎಳೆದು, ಅಗಳಿ ತೆಗೆದಳು. ಗಾಳಿ ನುಗ್ಗಿತು. ಒಲೆಯ ಬಾಯಲ್ಲಿ ನಿಂತಿದ್ದ ಹೊಗೆ ಅತ್ತಿತ್ತ ನೋಡಿ, ತೆಳ್ಳಗಾಗಿ, ಗೂಡು ಸೇರಿತು. ವಿಠೋಬ ಆ ಬಾಗಿಲಿನಿಂದಲೇ ಹೊರಟುಹೋದ.

ರಾಮಲಿಂಗಪ್ಪ ನಂಬಲಿಲ್ಲ. ಬಾಗಿಲು ಮುಚ್ಚಿ ನೋಡಿದ, ಹೊಗೆ ಬಂತು. ತೆರೆದ, ಹೋಯಿತು. ಮತ್ತೆ ಮುಚ್ಚಿದ.

"ಬಾಗಲಾ ಜೋಡಿ ಏನ್ ಆಟ ಹಚ್ಚೀರ್ರಿ?" ಶೇವಂತಿ ಗದರಿದಳು. "ತಗದಿಟ್ಟು ಹೋಗ್ರಿ, ನೇಯ್ರಿ!"

ಪರದೆ ಕಟ್ಟಿ ಮಗ್ಗದ ಕುಣಿಗಿಳಿದು ಕೂತ. ಹಾಸು ಬಿಳಿಯಾಗಿಯೇ ಇತ್ತು. ಒಂದು ಎಳೆಯೂ ಹರಿಯಲಿಲ್ಲ. ನಾಲ್ಕು ಸಲ ಲಾಳಿ ಒಗೆದು ನಿಲ್ಲಿಸಿದ. ಹೇಳಿಕೊಟ್ಟದ್ದರಲ್ಲಿ ಆ ಮುದುಕನಿಗೇನು ಲಾಭ? ಲಾಭವಿಲ್ಲದೆ ಯಾರು ಬಾಗಿಲು ತೆಗೆಸುತ್ತಾರೆ? ಎದ್ದು, ಸದ್ದಿಲ್ಲದೆ ಹಿಂಬಾಗಿಲಿಗೆ ಬಂದು ಇಣುಕಿದ.

ಹೊಗೆ ಗೂಡಿನಿಂದ ನೆಟ್ಟಗೆ ಎದ್ದು, ಎರಡಾಳೆತ್ತರದಲ್ಲಿ ಗಾಳಿಗೆ ಬಾಗಿ, ಹಿತ್ತಲಿನ ಆಚೆ ಮಗ್ಗುಲಿಗೆ ಇಳಿಯುತ್ತಿತ್ತು. ಅಲ್ಲಿ ಬಿದಿರಿನ ಮೇಲೆ ಆಗಷ್ಟೆ ಒಗೆದ ಬಿಳಿ ನೂಲಿನ ಲಡಿಗಳು ತೂಗುತ್ತಿದ್ದವು. ವಿಠೋಬ ಒಬ್ಬನೇ ಆ ಬಿದಿರನ್ನು ದೂರದ ಗೋಡೆಗೆ ಸಾಗಿಸುತ್ತಿದ್ದ. ಒಂದು ತುದಿ ಎತ್ತಿ ಒಂದು ಹೆಜ್ಜೆ ಸರಿಸುವುದು, ಇಳಿಸುವುದು, ಸುತ್ತಿ ಬಂದು ಇನ್ನೊಂದು ತುದಿ ಎತ್ತುವುದು. ಹೊಗೆಯ ಕಡೆ ಅವನು ತಲೆಯೆತ್ತಲಿಲ್ಲ.

ರಾಮಲಿಂಗಪ್ಪ ಹೊಸ್ತಿಲು ದಾಟಿ ನಿಂತ. ಕಾಕಾ, ಎನ್ನಲು ಬಾಯಿ ತೆರೆದ. ಬಂದದ್ದು ಬರೀ ಕೆಮ್ಮು.